ಏಳನೇ ಹಾಳೆಯ ತೂತು

3-2-58, ಸೋಮವಾರ

ಎಂಟನೇ ಪೆಟ್ಟಿಗೆಗೂ ಮೊಳೆ ಹೊಡೆದಾಯ್ತು. ರೆಕ್ಕೆ, ಬಾಲ, ಬಟ್ಟೆ, ನಕ್ಷೆ ಹದಿನಾಲ್ಕು ಹಾಳೆ. ಕೊಂಡವರು ಮನೆಯಲ್ಲೇ ಜೋಡಿಸಿ ಇಂಜಿನ್ ಕೂರಿಸಿದರೆ ವಿಮಾನ. ಇದು ಎರಡನೇ ಸೆಟ್, ಹುಬ್ಬಳ್ಳಿಗೆ. ಮೊದಲನೇದು ಸಂಕ್ರಾಂತಿಗೆ ಮುಂಚೆಯೇ ಸೊರಬ ಕಡೆಯ ಉಳವಿಯ ಧರ್ಮಪ್ಪನವರಿಗೆ ಹೋಗಿದೆ.

ಮಧ್ಯಾಹ್ನ ವಿಮಾನ ಇಲಾಖೆ ಪತ್ರ. ಭಾರ ತಾಳುತ್ತಾ ನೋಡೋಕೆ ರೆಕ್ಕೆ ಬೋರಲು ಹಾಕಿ ಇಪ್ಪತ್ನಾಲ್ಕು ಮರಳು ಚೀಲ ಹೇರಿ ವರದಿ ಕಳಿಸಬೇಕಂತೆ. ಅಲ್ಲೀವರೆಗೆ ಯಾರೂ ಹಾರಿಸಕೂಡದಂತೆ. ಮೈಯೆಲ್ಲ ಉರೀತು. ಈಸೂರು ಬಯಲಲ್ಲಿ ನನ್ನ ವಿಮಾನ ಹನ್ನೊಂದು ಸಲ ಹಾರಿದೆ. ನಾನೇ ಕೂತು ಹಾರಿಸಿದ್ದು. ಏರ್‌ಫೋರ್ಸಲ್ಲಿ ಆರು ವರ್ಷ ರೆಕ್ಕೆ ರಿಪೇರಿ ಮಾಡಿದವನಿಗೆ, ಕುರ್ಚಿ ಬಿಟ್ಟೇಳದ ಗುಮಾಸ್ತ ಪಾಠ ಹೇಳ್ತಾನೆ.

ಸರಿ. ಮಾಡಿ ಮುಖಕ್ಕೆ ಹಿಡೀತೀನಿ. ಪೆಟ್ಟಿಗೆ ಮತ್ತೆ ಬಿಚ್ಚಬೇಕು.

6-2-58, ಗುರುವಾರ, ಸಂಜೆ

ಹದಿನಾರನೇ ಚೀಲಕ್ಕೆ ಮುರೀತು.

ರೆಕ್ಕೆ ಉದ್ದಕ್ಕೂ ಇರೋ ಮರದ ತೊಲೆ. ರೆಕ್ಕೆಗೆ ಕೆಳಗಿಂದ ಆಸರೆ ಕೊಡೋ ಸಲಾಕೆ ಬಂದು ಸೇರೋ ಜಾಗದಲ್ಲಿ ಲಟ್ ಅಂತು. ಮರಳೆಲ್ಲ ನೆಲಕ್ಕೆ. ನೋಡೋಕೆ ಬಂದಿದ್ದ ಪೇಟೆ ಜನ ಹಿಂದೆ ಸರಿದರು. ಒಬ್ಬ ನಕ್ಕ ಕೂಡ.

ಬಡಗಿ ಅಜಮತ್ ಉಲ್ಲಾನ ಮೇಲೆ ಹರಿಹಾಯ್ದೆ. "ಅಂಟು ಸರಿಯಾಗಿ ಕಾಯಿಸಿಲ್ಲ ನೀನು. ಸೋಮಾರಿ. ಜನ ಸಾಯ್ತಿದ್ರು." ಇನ್ನೂ ಏನೇನೋ ಅಂದೆ. ಬರೆಯೋಕೆ ಬೇಡ.

ಅವನು ಮರಳು ಒದರಿಕೊಂಡು ಎದ್ದ. "ಅಂಟು ಬಿಟ್ಟೈತೋ ಮರ ಸೀಳೈತೋ, ಮೊದ್ಲು ನೋಡ್ರಿ. ಆಮ್ಯಾಲೆ ಬೈರಿ." ಅಷ್ಟೇ. ಉಳಿ, ಗರಗಸ, ಕೀಸುಳಿ ಚೀಲಕ್ಕೆ ತುಂಬಿಕೊಂಡು ಹೊರಟೇ ಹೋದ. ಎರಡು ವರ್ಷ ಜೊತೆಗೆ ಕೆಲಸ ಮಾಡಿದವ.

ಹೋಗಲಿ. ಬೇರೆ ಬಡಗಿ ಸಿಗಲ್ವಾ ಶಿಕಾರಿಪುರದಲ್ಲಿ.

7-2-58

ಬಸ್ ಸ್ಟ್ಯಾಂಡ್ ಹೋಟ್ಲಲ್ಲಿ ಎಲ್ಲರದೂ ಅದೇ ಪ್ರಶ್ನೆ. ಬಡಗಿ ಕೆಲಸ ಕೆಡಿಸಿದ ಅಂದೆ, ಜೋರಾಗೇ. ಮುರಿದ ತೊಲೆ ಷೆಡ್ಡಿನ ಮೂಲೆಗೆ ಒದ್ದು ಬಂದಿದೀನಿ. ಅದರ ಮುಖ ನೋಡೋಕೂ ಇಷ್ಟ ಇಲ್ಲ.

15-2-58, ಶನಿವಾರ, ಬೆಳಿಗ್ಗೆ

ಉಳವಿಯಿಂದ ಕಾರ್ಡು. ಧರ್ಮಪ್ಪ ಬರೆದಿದಾರೆ: ಜೋಡಣೆ ಮುಗೀತು, ಇಂಜಿನ್ ಚೆನ್ನಾಗಿ ಓಡ್ತಾ ಇದೆ. ಇಲಾಖೆ ಒಪ್ಪಿಗೆಗೆ ಕಾಯೋಕೆ ತಾಳ್ಮೆ ಇಲ್ಲ. ಭಾನುವಾರ ಕೊಯ್ದ ಗದ್ದೆ ಬಯಲಲ್ಲಿ ಸ್ವಲ್ಪವೇ ಎತ್ತಿ ನೋಡ್ತೀನಿ, ಬನ್ನಿ.

ಭಾನುವಾರ ಅಂದ್ರೆ ನಾಳೆ. ಅದೇ ಅಂಟು, ಅದೇ ಕೈ... ಮೂಲೆಯಿಂದ ತೊಲೆ ಎಳೆದು ತಂದೆ.

ಅದೇ ದಿನ, ಮಧ್ಯಾಹ್ನ 3

ಅಂಟು ಬಿಟ್ಟಿಲ್ಲ. ಒಂದು ಕಡೆಯೂ ಬಿಟ್ಟಿಲ್ಲ. ಉಳಿ ಹಾಕಿ ಎಬ್ಬಿಸಿದರೂ ಏಳಲ್ಲ.

ಸೀಳಿರೋದು ಮರ. ಬೋಲ್ಟಿನ ತೂತಿಂದ ಅಂಚಿಗೆ. ತೂತು ಅಂಚಿಂದ ಕಾಲು ಇಂಚಲ್ಲಿದೆ. ಮುಕ್ಕಾಲು ಇಂಚು ಇರಬೇಕು. ಏಳನೇ ಹಾಳೆ ತೆಗೆದೆ. ಕಾಲು ಅಂತಲೇ ಇದೆ. ನನ್ನ ಕೈಬರಹ. 3/4 ಬರೆಯೋ ಕಡೆ 1/4.

ಹಾಗಾದ್ರೆ ನನ್ನ ವಿಮಾನ ಹನ್ನೊಂದು ಸಲ ಹೇಗೆ ಹಾರಿತು? ಅದರ ರೆಕ್ಕೆ ಬಟ್ಟೆ ಕತ್ತರಿಸಿ ಅಳೆದೆ. ಮುಕ್ಕಾಲು ಇಂಚು. ಅಜಮತ್ ತಾನೇ ಒಳಗೆ ಸರಿಸಿದಾನೆ.

ಈಗ ನೆನಪಾಗ್ತಾ ಇದೆ. ಡಿಸೆಂಬರಲ್ಲಿ ಕೇಳಿದ್ದ, "ನಿಮ್ಮ ವಿಮಾನಕ್ಕ ಈ ತೂತು ಒಂಚೂರು ಒಳಗ ಹಾಕಿದ್ದೆ, ಸೆಟ್ಟಿಗೂ ಹಂಗೇ ಮಾಡ್ಲೇನ್ರಿ?" ನಾನು ತಲೆನೂ ಎತ್ತಲಿಲ್ಲ. ನಕ್ಷೆಯಲ್ಲಿ ಇದ್ದಂಗೆ ಮಾಡು, ನಿನ್ನ ಬುದ್ಧಿ ಸೇರಿಸಬೇಡ ಅಂದಿದ್ದೆ.

ಹನ್ನೊಂದು ಸಲ ನನ್ನ ಜೀವ ಉಳಿಸಿದಾನೆ. ನಾನು ಸೋಮಾರಿ ಅಂದೆ. ನನ್ನ ಕೈಯನ್ನೇ ಕಡಿದುಕೊಳ್ಳೋ ಅಷ್ಟು ಸಿಟ್ಟು.

ಉಳವಿಗೆ ತಂತಿ ಇವತ್ತು ಮುಟ್ಟಲ್ಲ ಅಂದ ಪೋಸ್ಟ್ ಮಾಸ್ಟರ್. ಬೆಳಗಿನ ಮೊದಲ ಬಸ್ಸು.

16-2-58, ಭಾನುವಾರ — ಸೊರಬ ಬಸ್ ಸ್ಟ್ಯಾಂಡ್, ವಾಪಸ್ ಬರ್ತಾ

ಬಸ್ಸಿಗೆ ಇನ್ನೂ ಹೊತ್ತಿದೆ, ಬರೆದಿಡ್ತೀನಿ.

ಬೆಳಿಗ್ಗೆ ಹೋಗ್ತಾ ಇಲ್ಲೇ ಸೊರಬದಲ್ಲಿ ಬಸ್ಸು ಒಂದು ಗಂಟೆ ನಿಲ್ಲಿಸಿದ. ಡ್ರೈವರ್ ಜೊತೆ ಜಗಳ ಆಡಿದೆ. ಉಳವಿಯಲ್ಲಿ ಇಳಿಯೋಷ್ಟರಲ್ಲೇ ಇಂಜಿನ್ ಸದ್ದು. ಗದ್ದೆ ಕೂಳೆ ಮೇಲೆ ಓಡಿದೆ. ಧರ್ಮಪ್ಪ ಕನ್ನಡಕ ಹಾಕಿಕೊಂಡು ಒಳಗೆ ಕೂತಾಗಿತ್ತು. ವಿಮಾನ ಆಗಲೇ ಮೆಲ್ಲಗೆ ಉರುಳ್ತಾ ಇತ್ತು. ಎದುರಿಗೆ ಹೋಗಿ ನಿಂತೆ. ಅವರು ಇಂಜಿನ್ ಆರಿಸೋಷ್ಟರಲ್ಲಿ ಫ್ಯಾನಿಗೂ ನನಗೂ ನಾಲ್ಕೇ ಮಾರು ದೂರ.

"ತಲೆ ನೆಟ್ಟಗಿದ್ಯಾ ನಿಮಗೆ?" ಅಂತ ಇಳಿದು ಬಂದರು. ರೆಕ್ಕೆ ಬಿಚ್ಚಿ ಅಂದೆ. ನಿಮ್ಮದೇ ಸಹಿ ಇದೆಯಲ್ರೀ ಪ್ರತಿ ಪೆಟ್ಟಿಗೆ ಮೇಲೆ, ಈಗೇನು ಅಂದರು. ಚಾಕು ತಗೊಂಡು ಬಟ್ಟೆ ನಾನೇ ಸೀಳಿದೆ. ಅವರು ಕೈ ಹಿಡಿದರು. ನಾನು ನಿಲ್ಲಿಸಲಿಲ್ಲ. ತೂತಿನ ಪಕ್ಕ ಕೂದಲೆಳೆಯಷ್ಟು ಬಿರುಕು. ಬರೀ ಗದ್ದೆಯಲ್ಲಿ ಓಡಿಸಿದ್ದಕ್ಕೇ.

ಧರ್ಮಪ್ಪ ಬೆರಳಿಟ್ಟು ನೋಡಿದರು. ಬದುವಿನ ಮೇಲೆ ಅವರ ಹೆಂಡತಿ ರಾಧಮ್ಮ ನಿಂತಿದ್ದರು. ಆಕೆಯೇ ಕೇಳಿದ್ದು: "ರೆಕ್ಕೆ ಮುರಿದಿದ್ದು ಬಡಗಿ ತಪ್ಪು ಅಂತ ನಿಮ್ಮ ಬಸ್ಸಲ್ಲಿ ಬಂದವರು ಈಗ ಹೇಳ್ತಿದ್ರಪ್ಪ. ಹೌದಾ?"

ಅಲ್ಲ, ನಂದು ಅಂದೆ.

ಕಾಫಿ ಕೊಡಲಿಲ್ಲ. ಕೊಡಬಾರದು.

17-2-58

ಅಜಮತ್ ಮನೆಗೆ ಹೋದೆ, ತಪ್ಪು ನಂದು ಅಂತ ಹೇಳೋಕೆ. ಬಾಗಿಲಲ್ಲಿ ಅವನ ತಾಯಿ ಹಾಜಿರಾ ಬೀ. "ಮನ್ಯಾಗ ಬಂದು ಮೆಲ್ಲಗೆ ಹೇಳ್ತೀರಿ. ಬೈದಿದ್ದು ಪೇಟಿ ಮಂದಿ ಮುಂದ." ಒಳಗೆ ಕೀಸುಳಿ ಸದ್ದು ನಿಂತಿತು. ಅವನು ಹೊರಗೆ ಬರಲಿಲ್ಲ.

ಮುದುಕಿ ಮೇಲೆ ಸಿಟ್ಟು ಬಂತು. ಬೀದಿ ಮುಗಿಯೋವರೆಗೆ ಇತ್ತು. ಆಮೇಲೆ ಇಲ್ಲ.

18-2-58, ಮಂಗಳವಾರ, ಬೆಳಿಗ್ಗೆ 11

ಹೋಟ್ಲಲ್ಲಿ ಎದ್ದು ನಿಂತು ಹೇಳಿದೆ. ನಕ್ಷೆ ತಪ್ಪು, ಬರೆದವನು ನಾನು, ಬಡಗಿ ಸರಿ. ದೋಸೆ ತಿನ್ನೋರು ತಿನ್ನೋದು ಬಿಟ್ಟು ನೋಡಿದರು.

ಷೆಡ್ಡಿಗೆ ಬಂದರೆ ಅಜಮತ್ ಬಾಗಿಲಲ್ಲಿ. ಚೀಲ ತಂದಿಲ್ಲ. ಬರೀ ಕೈ. ಕೂತ್ಕೋ ಅಂದೆ, ಕೂರಲಿಲ್ಲ. ನಕ್ಷೆಯ ಹದಿನಾಲ್ಕೂ ಹಾಳೆ ಬೆಂಚಿನ ಮೇಲೆ ಹರಡಿದ. ಒಂದೊಂದೇ ನೋಡ್ತಾ ಹೋದ. ಹನ್ನೊಂದನೇ ಹಾಳೆ ಮೇಲೆ ಬೆರಳು ನಿಂತಿತು. ಬಾಲದ ಕೀಲು.

"ಇದೂ ನಂಗೆ ಸರಿ ಕಾಣಲ್ರಿ."

ರೇಗೋಕೆ ಹೊರಟೆ. ಬಾಯಿವರೆಗೂ ಬಂತು, ಇಂಜಿನಿಯರ್ ಯಾರು ಇಲ್ಲಿ ಅಂತ. ನುಂಗಿಕೊಂಡೆ. ಪೆನ್ಸಿಲ್ ಕೈಗೆ ತಗೊಂಡೆ. ಹೇಳು ಅಂದೆ, ಬರ್ಕೊತೀನಿ. ಅವನು ಹೇಳ್ತಾ ಇದಾನೆ —