ಎರಡು ಸಲ ತಟ್ಟಿದರೆ

ಲೋ ಚಿಮಟಾ,

ಹರಿದು ಹಾಕಬೇಡ, ಪೂರ್ತಿ ಓದು. ಎರಡು ವರ್ಷದ ಮೇಲೆ ನಿನ್ನ ಅಣ್ಣ ಬರೆಯುತ್ತಿದ್ದಾನೆ.

ನಾನು ಐಕಿಡೋ ಕಲಿಯುತ್ತಿದ್ದೇನೆ. ನಗಬೇಡ, ಜಪಾನಿನವರ ಕಲೆ ಅದು. ಬಸ್ ನಿಲ್ದಾಣದಲ್ಲಿ ಪ್ರಯಾಣಿಕನೊಬ್ಬನ ಕೊರಳಪಟ್ಟಿ ಹಿಡಿದೆನೆಂದು ಡಿಪೋ ಮ್ಯಾನೇಜರು, "ಈ ಕೋಪ ಎಲ್ಲಾದ್ರೂ ಇಳಿಸ್ಕೊಂಡು ಬಾ, ಆಮೇಲೆ ಸ್ಟೀರಿಂಗ್ ಮುಟ್ಟು" ಎಂದರು. ಚೆನ್ನಾಗಿ ಹೊಡೆಯುವುದನ್ನು ಕಲಿಸುತ್ತಾರೆಂದು ಖುಷಿಯಿಂದಲೇ ಹೋದೆ. ಅಲ್ಲಿ ಹೊಡೆತವೇ ಇಲ್ಲ ಕಣೋ! ಮೈಮೇಲೆ ಬಂದವನನ್ನು ತಡೆಯದೆ, ಅವನ ಜೊತೆಗೇ ತಿರುಗಿ, ಅವನ ರಭಸದಲ್ಲೇ ಅವನನ್ನು ನೆಲಕ್ಕೆ ಇಳಿಸಬೇಕು. ಅವನಿಗೂ ಪೆಟ್ಟಾಗಬಾರದು. ಟೀಚರಮ್ಮ ನನ್ನ ಭುಜದವರೆಗೂ ಬರುವುದಿಲ್ಲ. "ಜೋರಾಗಿ ಹಿಡೀರಿ" ಎಂದು ಕೈ ಚಾಚಿದರು. ಹಿಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಚಾಪೆಯ ಮೇಲೆ ಅಂಗಾತ ಬಿದ್ದಿದ್ದೆ. "ನಾನೇನೂ ಮಾಡಿಲ್ಲಪ್ಪ, ನೀವೇ ಬಂದ್ರಿ, ನೀವೇ ಬಿದ್ರಿ" ಎಂದು ನಕ್ಕರು.

ಮೊದಲ ತಿಂಗಳು ಬರೀ ಬೀಳುವುದನ್ನೇ ಕಲಿಸಿದರು. ಆಮೇಲೆ ಮಣಿಕಟ್ಟು ತಿರುಗಿಸುವ ಪಟ್ಟು. ಜೊತೆಗಾರ ನೋವು ತಡೆಯಲಾಗದೆ ಅಂಗೈಯಿಂದ ಚಾಪೆಗೆ ಎರಡು ಸಲ ತಟ್ಟಿದರೆ ಆ ಕ್ಷಣವೇ ಬಿಡಬೇಕು. "ಇದೊಂದು ತಪ್ಪಿದ್ರೆ ನಾಳೆಯಿಂದ ಬರ್ಬೇಡಿ" ಎಂದಿದ್ದರು ಟೀಚರಮ್ಮ. ನನ್ನ ಜೊತೆಗಾರ, ಒಬ್ಬ ಪೋಸ್ಟ್‌ಮನ್, ತಟ್ಟಿದ. ಬಿಟ್ಟೆ. ಬಿಟ್ಟ ಮೇಲೆ ಅವನ ಮಣಿಕಟ್ಟನ್ನೇ ನೋಡುತ್ತ ಕೂತೆ.

ನಿನ್ನ ಅಂಗಡಿ ಕಣ್ಣ ಮುಂದೆ ಬಂತು. ನೀನು ರಿಪೇರಿ ಮಾಡಿಕೊಟ್ಟ ವಾಚು ಹತ್ತು ನಿಮಿಷ ಹಿಂದೆ ಬಿದ್ದು ನನಗೆ ಡ್ಯೂಟಿ ತಪ್ಪಿತ್ತು. ಗಿರಾಕಿಗಳ ಎದುರೇ ನಿನ್ನ ಮಣಿಕಟ್ಟು ಹಿಡಿದು ತಿರುಚಿದೆ. ನೀನು ಇನ್ನೊಂದು ಕೈಯಿಂದ ಗಾಜಿನ ಮೇಜಿಗೆ ಎರಡು ಸಲ ಬಡಿದೆ, "ಬಿಡೋ ಅಣ್ಣಾ, ಸಾಕು" ಎಂದೆ. ಮೂರು ತಿಂಗಳು ನಿನ್ನ ಕೈಗೆ ಚಿಮಟ ಹಿಡಿಯಲಾಗಲಿಲ್ಲ.

ಅಮ್ಮನ ಮುಂದೆ ನೀನು, "ಕೇಳಿಸ್ಕೊಂಡೂ ಬಿಡ್ಲಿಲ್ಲ" ಎಂದೆ. ನಾನು, "ದೇವರಾಣೆ, ನಂಗೆ ಕೇಳಿಸ್ಲೇ ಇಲ್ಲ" ಎಂದೆ. ಅಮ್ಮ ನನ್ನನ್ನು ನಂಬಿದಳು. "ಒಡಹುಟ್ಟಿದವನ ಮೇಲೇ ಇಲ್ಲದ್ದು ಹೇಳ್ತೀಯಾ" ಎಂದು ನಿನಗೆ ಬೈದಳು. ಅಂದು ಹೊರಟವನು ನೀನು ಮತ್ತೆ ಮನೆಗೆ ಬಂದಿಲ್ಲ.

ಕೇಳಿಸಿತ್ತು ಕಣೋ. ಎರಡೂ ಬಡಿತ ಕೇಳಿಸಿತ್ತು. ಇನ್ನಷ್ಟು ತಿರುಚಿದ್ದು ಆಮೇಲೆ.

ಇದನ್ನು ಭಾನುವಾರ ಬೆಳಿಗ್ಗೆ ಅಮ್ಮನ ಮುಂದೆ ನಿಂತು ಹೇಳುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ. ಅವಳು ನನ್ನ ಮುಖ ನೋಡದಿದ್ದರೆ ಬೇಡ. ಕ್ಷಮಿಸು ಎನ್ನಲು ನನಗೆ ಇನ್ನೂ ಬಾಯಿಲ್ಲ. ಆ ಮನೆಯಲ್ಲಿ ಸುಳ್ಳು ಹೇಳಿದವನು ಯಾರೆಂದು ಅಮ್ಮನಿಗೆ ಗೊತ್ತಾಗಬೇಕು, ಅಷ್ಟೇ.

ನಿನ್ನ ಕೈ ನೂರು ಕಾಲ ಗಟ್ಟಿಯಾಗಿರಲಿ.

ಎಲ್ಲವನ್ನೂ ಕೇಳಿಸಿಕೊಂಡಿದ್ದ
ನಿನ್ನ ಅಣ್ಣ