ಸತ್ತವರನ್ನೂ ಆಡಿಕೊಳ್ಳಬಾರದಂತೆ

೧೨ ಜುಲೈ ೧೯೭೯, ಗುರುವಾರ, ಪುಣೆ

ಇವತ್ತೂ ತಲೆ ಚಿಟ್ಟು ಹಿಡಿಯಿತು. ಕಲಾ ವಿಮರ್ಶೆಗೇ ಒಂದು ಬಿ.ಎ. ಪದವಿ ಬೇಕೆಂದು ನಾನು ಬರೆದ ಪಠ್ಯಕ್ರಮವನ್ನು ಕಾಲೇಜಿನ ಸಮಿತಿ ಮತ್ತೆ ಹಿಡಿದು ಜಗ್ಗಾಡಿತು. ಈಗಿನ ಕಲಾವಿದರ ಚಿತ್ರ ನೋಡಿ ವಿದ್ಯಾರ್ಥಿಗಳು ಸರಿತಪ್ಪು ಬರೆಯಬೇಕೆಂಬ ಪತ್ರಿಕೆಯೇ ಅವರಿಗೆ ಮುಳ್ಳು. ಪ್ರಾಚಾರ್ಯ ಪ್ರಲ್ಹಾದರಾಯರು ನಮ್ಮ ಧಾರವಾಡದವರು. ಉಳಿದವರೊಡನೆ ಮರಾಠಿಯಲ್ಲಿ ನಗುತ್ತಾರೆ, ನನ್ನನ್ನು ಮಾತ್ರ ಕನ್ನಡದಲ್ಲಿ ಬೈಯುತ್ತಾರೆ.

‘ಮೊನ್ನೆ ಗುರುಪೂರ್ಣಿಮಾಕ್ಕ ಕಾಲಿಗೆ ಬಿದ್ದ ಹುಡುಗ್ರು ಇವತ್ತ ಅದೇ ಗುರುಗಳ ತಪ್ಪು ಹುಡುಕಬೇಕೇನ್ರಿ, ಇಂದೂಬಾಯಿ?’

‘ಹಂಗಾರ ಸತ್ತವರ ಚಿತ್ರದ ಬಗ್ಗೆ ಬರೀಲ್ರಿ, ಸರ್.’

‘ಛೇ ಛೇ, ಸತ್ತವರನ್ನ ಆಡಿಕೋಬಾರದ್ರಿ!’

ಇದ್ದವರನ್ನು ಮುಟ್ಟುವಂತಿಲ್ಲ, ಸತ್ತವರನ್ನೂ ಮುಟ್ಟುವಂತಿಲ್ಲ. ಇನ್ನು ಹುಟ್ಟಬೇಕಾದವರನ್ನೇ ವಿಮರ್ಶೆ ಮಾಡಬೇಕೇನೋ!

ಏಳುವಾಗ ಪ್ರಾಚಾರ್ಯರು ಗೋಡೆಯ ಮೇಲಿದ್ದ ತಮ್ಮದೇ ಹೊಸ ಚಿತ್ರ ತೋರಿಸಿದರು: ಇಲ್ಲೇ ಹತ್ತಿರದ ಭೋರ್‌ನ ಗುಡ್ಡ, ಒಂದು ಮರ, ಎಡಕ್ಕೆ ಮುಳುಗುವ ಸೂರ್ಯ.

‘ಖರೇ ಹೇಳ್ರಿ, ಹೆಂಗದ?’

ಎಲ್ಲರೂ ನನ್ನ ಮುಖ ನೋಡಿದರು. ಸಹಿ ಬೀಳದ ಪಠ್ಯಕ್ರಮ ಇನ್ನೂ ಅವರ ಕೈಯಲ್ಲೇ ಇತ್ತು.

‘ಭಾಳ ಛಂದ ಅದರೀ, ಸರ್.’

ಸೂರ್ಯ ಎಡಕ್ಕಿದ್ದಾನೆ, ಮರದ ನೆರಳೂ ಎಡಕ್ಕೇ ಬಿದ್ದಿದೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ!