ಅರವತ್ತೆರಡು ಮಿಲಿಮೀಟರ್ ಮಳೆ

ಮಾಸ್ತರರೇ,

ನಿಮ್ಮ ಶಾಲೆಯ ಟೀಚರ್ ಸಾವಿತ್ರಿ ಬರೆಯುತ್ತಿದ್ದೇನೆ. ನೀವು ಹೋದ ಮೇಲೆ ಒಂದು ಮಳೆಗಾಲ ಕಳೆದು ಇನ್ನೊಂದು ಬಂದಿದೆ. ನೀವಿದ್ದಾಗ ಎದುರು ಕೂತು ಹೇಳಬೇಕಾಗಿದ್ದನ್ನು ಈಗ ಕಾಗದದಲ್ಲಿ ಹೇಳಹೊರಟಿದ್ದೇನೆ. ಇದಕ್ಕಿಂತ ಹೇಡಿತನ ಬೇರೆ ಏನಿದೆ?

ನೀವು ನಿವೃತ್ತರಾದ ದಿನ ಚೆನ್ನಾಗಿ ನೆನಪಿದೆ. ಹಾರ ತುರಾಯಿ ಎಲ್ಲ ಮುಗಿದ ಮೇಲೆ, ಹೊದಿಸಿದ ಶಾಲು ಹೆಗಲ ಮೇಲಿದ್ದಂತೆಯೇ ನನ್ನನ್ನು ಶಾಲೆಯ ಹಿಂದಿನ ಮಳೆಮಾಪಕದ ಹತ್ತಿರ ಕರೆದೊಯ್ದಿರಿ. ಅಳತೆಯ ಗಾಜು ಕೈಗಿಟ್ಟು, "ಕುಂತು ನೋಡು ತಂಗಿ. ಕಣ್ಣು ನೀರಿನ ಮಟ್ಟಕ್ಕ ಬರಬೇಕು. ನಿಂತು ನೋಡಿದ್ರ ತಪ್ಪು ಕಾಣ್ತದ" ಎಂದಿರಿ. ಮಳೆ ಬಾರದ ದಿನವೂ ಬೆಳಿಗ್ಗೆ ಎಂಟೂವರೆಗೆ ಬಂದು ಸೊನ್ನೆ ಬರೆಯಬೇಕು ಎಂದಾಗ ನಾನು ನಕ್ಕೆ. ನೀವು ನಗಲಿಲ್ಲ. "ನಮ್ಮ ಕಡೀಗೆ ಮಳಿ ಒಂದು ಹೊಲಕ್ಕ ಬಿದ್ರ ಬಾಜೂ ಹೊಲಕ್ಕ ಬೀಳಂಗಿಲ್ಲ. ಅಂದಾಜು ನಡಿಯಂಗಿಲ್ಲ."

ಮಿರಗದ ಮಳೆ ಬಿದ್ದು ಬಿತ್ತನೆಯ ದಿನಗಳು ಬಂದರೆ ನಿಮ್ಮ ಫೋನಿಗೆ ಬಿಡುವೇ ಇರುತ್ತಿರಲಿಲ್ಲ. ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದ ನಮ್ಮೂರ ಮಂದಿ, ಬಿತ್ತಲಿಕ್ಕೆ ಯಾವಾಗ ಬರಬೇಕೆಂದು ಮನೆಯವರನ್ನೂ ಕೇಳದೆ ನಿಮ್ಮನ್ನೇ ಕೇಳುತ್ತಿದ್ದರು. ಲಕ್ವ ಹೊಡೆದು ನೀವು ಪಡಸಾಲೆಯ ಮಂಚ ಹಿಡಿದ ಮೇಲೂ ಅದು ನಿಲ್ಲಲಿಲ್ಲ. ದಿನಾ ಒಂಬತ್ತಕ್ಕೆ ನೀವು ನನಗೆ ಫೋನು ಮಾಡುವಿರಿ, ನಾನು ಅಂಕಿ ಹೇಳುವೆ, ನೀವು ಅದನ್ನು ಹೈದರಾಬಾದಿಗೆ ಮುಟ್ಟಿಸುವಿರಿ. ನೀವು ಎದ್ದು ಹೋಗಿ ನೋಡುವಂತಿರಲಿಲ್ಲ. ನನ್ನ ಮಾತೇ ನಿಮ್ಮ ಕಣ್ಣು.

ಹೋದ ವರ್ಷ ಮಿರಗದ ಒಂದು ಭಾನುವಾರ ನಾನು ರಂಗಂಪೇಟೆಗೆ, ಬಸುರಿ ತಂಗಿಯ ಕುಬಸದ ಶಾಸ್ತ್ರಕ್ಕೆ ಹೋಗಿದ್ದೆ. ಸಂಜೆ ಅಲ್ಲಿ ಎಂಥ ಮಳೆ ಬಂತೆಂದರೆ, ಗಟಾರದ ನೀರು ಪೆಂಡಾಲಿನೊಳಗೆ ನುಗ್ಗಿತು. ಸೋಮವಾರ ಬೆಳಗಿನ ಬಸ್ಸು ತಪ್ಪಿತು. ಒಂಬತ್ತಕ್ಕೆ ನಿಮ್ಮ ಫೋನು ಬಂದಾಗ ನಾನಿನ್ನೂ ತಂಗಿಯ ಮನೆಯ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದೆ.

"ಎಷ್ಟಾತು ತಂಗಿ?"

"ನಾನಿನ್ನೂ ಊರಿಗೆ ಬಂದಿಲ್ರಿ" ಎನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? "ಅರವತ್ತೆರಡು ಮಿಲಿಮೀಟರ್ ರಿ ಸರ್" ಎಂದೆ. ಅರವತ್ತು ಎಂದರೆ ಅಂದಾಜು ಎಂದು ಗೊತ್ತಾದೀತೆಂದು ಅರವತ್ತೆರಡು ಎಂದೆ, ಮಾಸ್ತರರೇ. ಆ ಎರಡು ಇಂದಿಗೂ ನನ್ನನ್ನು ಚುಚ್ಚುತ್ತದೆ.

"ಅಷ್ಟಾತೇನು? ತಗಡಿನ ಮ್ಯಾಲ ಅಷ್ಟು ಸಪ್ಪಳ ಕೇಳಲಿಲ್ಲಲ್ಲ."

"ಗಾಳಿ ಜೋರಿತ್ತಲ್ರಿ. ಕೇಳಿಸಿರಲಿಕ್ಕಿಲ್ರಿ."

"ಇರಬೇಕು. ಕಿವಿನೂ ಮಂದ ಆಗ್ಯಾವ."

ಹತ್ತೂವರೆಗೆ ಶಾಲೆಗೆ ಬಂದು ಮಳೆಮಾಪಕ ತೆರೆದರೆ ಒಳಗಿದ್ದದ್ದು ಒಂಬತ್ತು ಮಿಲಿಮೀಟರ್. ಕೂತು, ಕಣ್ಣು ನೀರಿನ ಮಟ್ಟಕ್ಕೆ ತಂದು ಎರಡು ಸಲ ನೋಡಿದೆ. ನಿಮ್ಮ ಮನೆ ಅಲ್ಲಿಂದ ಎಷ್ಟು ದೂರ? ಒಂದು ಓಣಿ. ಹೋಗಿ ಹೇಳಿದ್ದರೆ ನೀವು ಬೈಯುತ್ತಿದ್ದಿರಿ, ಅಷ್ಟೇ. ನಾನು ನೀರನ್ನು ಬೇವಿನ ಬುಡಕ್ಕೆ ಚೆಲ್ಲಿ, ಮಳೆಯ ಲೆಕ್ಕದ ಪುಸ್ತಕದಲ್ಲಿ ಅರವತ್ತೆರಡು ಎಂದು ಬರೆದು, ಮಕ್ಕಳ ಹಾಜರಿ ಕರೆಯಲು ಹೋದೆ.

ಗುರುವಾರ ನಾಗಮ್ಮ ನಿಮ್ಮ ಮನೆಗೆ ಬಂದಾಗ ನಾನೂ ಅಲ್ಲಿದ್ದೆ. ನಿಮ್ಮ ಸೊಸೆ ಕೊಟ್ಟ ಚಹಾ ನನ್ನ ಕೈಯಲ್ಲಿತ್ತು. ನೀವು ಬಾ ಎಂದಿರೆಂದು ನಾಗಮ್ಮ ಹೈದರಾಬಾದಿನ ಕೆಲಸ ಬಿಟ್ಟು, ಇಬ್ಬರು ಹೆಣ್ಣುಮಕ್ಕಳನ್ನೂ ಗಂಟುಮೂಟೆಯನ್ನೂ ಹೊತ್ತು ಹೆಸರುಕಾಳು ಬಿತ್ತಲು ಬಂದಿದ್ದಳು. ಅವಳ ಜಾಗಕ್ಕೆ ಮೇಸ್ತ್ರಿ ಆಗಲೇ ಬೇರೆಯವರನ್ನು ತೆಗೆದುಕೊಂಡಿದ್ದ. ಹೊಲದಿಂದ ನೇರ ಬಂದಿದ್ದಳು, ಕಳೆ ತೆಗೆಯುವ ಕುರ್ಪಿ ಕೈಯಲ್ಲೇ ಇತ್ತು.

"ಮಾಸ್ತರ್ರ, ಮ್ಯಾಲ ನಾಕು ಬೆರಳು ಹಸಿ ಅದ. ಒಳಗ ಬೂದಿ ಹಂಗದ. ಇದರಾಗ ಏನು ಬಿತ್ತಲಿ? ನೀವು ಬಾ ಅಂದ್ರಿ, ಬಂದೆ."

ನೀವು ನನ್ನ ಕಡೆ ಒಮ್ಮೆ ನೋಡಿದಿರಿ. ಒಮ್ಮೆಯೇ. ಆಮೇಲೆ ಅವಳ ಕಡೆ ತಿರುಗಿ, "ನನ್ನದ ತಪ್ಪಾತವ್ವ. ತಂಗಿ ಸರಿಯಾಗೇ ಹೇಳಿದ್ಲು, ನಾ ತಪ್ಪು ಕೇಳಿಸಿಕೊಂಡೆ" ಎಂದಿರಿ.

"ಹಂಗಾದ್ರ ಇನ್ನ ಯಾರಿಗೆ ಕೇಳಬೇಕ್ರಿ ನಾವು?" ಎಂದು ಅವಳು ಎದ್ದು ಹೋದಳು. ನಾನು ಚಹಾ ಕುಡಿದು ಮುಗಿಸಿದೆ. ಹೌದು, ಮುಗಿಸಿದೆ. ಗಂಟಲಲ್ಲಿ ಇಳಿಯಿತು ಕೂಡ.

ಆ ಮೇಲಿನ ದಿನಗಳನ್ನು ನೀವು ಹೇಗೆ ಕಳೆದಿರೋ... ಊರ ತುಂಬ ಮಾಸ್ತರಿಗೆ ಮರೆವು ಬಂದಿದೆ ಎನ್ನತೊಡಗಿದರು. ಹೈದರಾಬಾದಿನ ಫೋನುಗಳು ಕಡಿಮೆಯಾದವು, ಆಮೇಲೆ ನಿಂತವು. ಒಂಬತ್ತಕ್ಕೆ ನೀವು ನನಗೆ ಫೋನು ಮಾಡುವುದೂ ನಿಂತಿತು. ನಾನಾಗಿ ಮಾಡಬಹುದಿತ್ತು. ನಿಮ್ಮ ಓಣಿ ತಪ್ಪಿಸಿ ಹನುಮಪ್ಪನ ಗುಡಿ ಸುತ್ತಿ ಶಾಲೆಗೆ ಹೋಗತೊಡಗಿದೆ. ಶ್ರಾವಣ ಮುಗಿಯುವುದರೊಳಗೆ ನೀವೇ ಇಲ್ಲವಾದಿರಿ. ನಿಮ್ಮನ್ನು ಮಣ್ಣಿಗಿಟ್ಟ ದಿನ ಶಿಕ್ಷಕರ ಪರವಾಗಿ ನಾಲ್ಕು ಮಾತು ಆಡೆಂದು ನನಗೇ ಹೇಳಿದರು. ನಿಮ್ಮ ಪ್ರಾಮಾಣಿಕತೆಯ ಬಗ್ಗೆ ಮಾತಾಡಿದೆ. ಅರವತ್ತೆರಡು ಎಂದ ಅದೇ ಬಾಯಿಯಿಂದ.

ಈ ವರ್ಷ ಮಿರಗ ಚೆನ್ನಾಗಿ ಬಂತು. ಎಲ್ಲರೂ ಬಿತ್ತಿದರು. ಹಸಿರು ಕಂಡಷ್ಟೂ ನನಗೆ ತಲೆ ಎತ್ತಲಾಗಲಿಲ್ಲ. ಹೋದ ವಾರ ಹಳ್ಳ ದಾಟಿ ನಾಗಮ್ಮನ ಹೊಲಕ್ಕೆ ಹೋದೆ. ಕಳೆ ತೆಗೆಯುತ್ತಿದ್ದಳು. ನಿಂತೇ ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಒಂದು ಸಾಲು ಮುಗಿಸಿ, ಕೂತಲ್ಲಿಂದಲೇ ಮುಖ ಎತ್ತಿದಳು.

"ಮಾಸ್ತರ್ ಸತ್ತಾಗ ನಾ ಮಾರಿ ನೋಡಾಕ ಹೋಗಲಿಲ್ರಿ. ನಾಕು ಮನಿ ಆಚಿ ಸಿಟ್ಟು ಮಾಡಿಕೊಂಡು ಕುಂತಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಫೋನು ತೆಗೆದಳು.

"ನನಗೊಬ್ಬಾಕಿಗೆ ಹೇಳಿದ್ರ ಆಗಂಗಿಲ್ಲ. ಮಾಸ್ತರ್ಗ ಮರವು ಬಂದದ ಅಂತ ಹೈದರಾಬಾದ್ ತುಂಬ ಸಾರಿದಾಕಿ ನಾನ. ಅವರಿಗೂ ನೀವ ಹೇಳ್ರಿ." ಅಲ್ಲೇ ತನ್ನ ಮೈದುನ ಭೀಮಪ್ಪನಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು.

ಹೇಳಿದೆ. ಆ ಕಡೆ ಕಾಂಕ್ರೀಟ್ ಕಲಸುವ ಯಂತ್ರದ ಸದ್ದು. ಭೀಮಪ್ಪ ಒಂದೇ ಮಾತು ಕೇಳಿದ. "ಮಾಸ್ತರ್ಗ ಇದು ಗೊತ್ತಿತ್ತೇನ್ರಿ?"

"ಗೊತ್ತಿತ್ತು" ಎಂದೆ. ಅದನ್ನು ನಾನು ಒಪ್ಪಿಕೊಂಡಿದ್ದು ಅದೇ ಮೊದಲು.

ಮರುದಿನ ಪುಸ್ತಕದಲ್ಲಿ ಅರವತ್ತೆರಡನ್ನು ಹೊಡೆದುಹಾಕಿ, ಪಕ್ಕದಲ್ಲಿ ಒಂಬತ್ತು ಎಂದು ಬರೆದು ಸಹಿ ಮಾಡಿ, ಈಗಿನ ಹೆಡ್ ಮಾಸ್ತರರ ಮುಂದಿಟ್ಟೆ. ಮೇಲಿನವರು ಏನು ಮಾಡುತ್ತಾರೋ ಮಾಡಲಿ. ಇಲ್ಲಿಯತನಕ ಏಳು ಮನೆಯವರಿಗೆ ಹೇಳಿದ್ದೇನೆ. ಒಬ್ಬರು ಬೈದರು, ಇಬ್ಬರು ಫೋನು ಇಟ್ಟುಬಿಟ್ಟರು, ಒಬ್ಬ ಮುದುಕಿ ಅತ್ತಳು. ಇನ್ನೂ ಹೇಳದೆ ಉಳಿದವರು ನಾಗರಪಂಚಮಿಗೆ ಊರಿಗೆ ಬರುತ್ತಾರೆ. ಅವರಿಗೆ ಎದುರಿಗೇ ಹೇಳುತ್ತೇನೆ.

ಸಾವಿತ್ರಿ